ಕುಂಡದ ಗಿಡದ ಎಲೆ ಕೆಟ್ಟಿದೆ, ಯಾವ ಬಾಟಲಿ ತೆಗೆಯಬೇಕು?

ನಮ್ಮ ಬೆಂಗಳೂರಿನ ಮನೆ ಟೆರೇಸಿನಲ್ಲಿ 40 ಚಿಲ್ಲರೆ ಪಾಟ್ ಇವೆ. ದಾಸವಾಳ, ಕೇಪಳ (ಇಕ್ಸೋರಾ), ಗುಲಾಬಿ, ನಂದಿಬಟ್ಟಲು, ಕಣಗಿಲೆ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಒಂದು ಕಾಲದಲ್ಲಿ 11 ಬಾಟಲಿ, ಪ್ಯಾಕೆಟ್ಟು ಇದ್ದವು. ಈಗ ನಾಲ್ಕೇ ಇವೆ. ಉಳಿದ ಏಳನ್ನು ಯಾಕೆ ಬಿಟ್ಟೆ, ಈ ನಾಲ್ಕನ್ನು ಯಾಕೆ ಇಟ್ಟುಕೊಂಡೆ ಅಂತ ಹೇಳುತ್ತೇನೆ. ನಿಮ್ಮ ಗಿಡದ ಎಲೆ ಈಗ ಹಳದಿಯೋ, ಮುದುಡೋ, ಚುಕ್ಕೆಯೋ ಆಗಿದ್ದರೆ ಓದುವ ಮೊದಲು ಏನನ್ನೂ ಸ್ಪ್ರೇ ಮಾಡಬೇಡಿ. ಒಂದು ದಿನ ತಡವಾದರೆ ಗಿಡ ಸಾಯುವುದಿಲ್ಲ. ಅವಸರ ಮಾಡಿದರೆ ಸಾಯುತ್ತದೆ.

ನಾನು ಸಾಯಿಸಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಹಳದಿ ಹೂವಿನ ಒಂದು ದಾಸವಾಳ, ಎರಡು ಸುತ್ತಿನ ಎಸಳಿನದು. ಮಳೆಗಾಲದಲ್ಲಿ ಎಲೆ ಹಳದಿ ಆಗಲು ಶುರುವಾಯಿತು. ಕೆಳಗಿನ ಮನೆ ಆಂಟಿ ಎಪ್ಸಮ್ ಸಾಲ್ಟ್ ಹಾಕು ಅಂದರು, ಹಾಕಿದೆ. ಅಮ್ಮ ಫೋನಿನಲ್ಲಿ ಸಗಣಿ ಗೊಬ್ಬರ ಕೊಡು ಅಂದರು, ಕೊಟ್ಟೆ. ಸಾಲದು ಅಂತ ಬೇವಿನೆಣ್ಣೆ ಹೊಡೆದೆ. ಇಷ್ಟೂ ಒಂದೇ ವಾರದಲ್ಲಿ! ಎಂಟನೇ ದಿನ ಗಿಡ ಜೋತು ಬಿತ್ತು. ಪಾಟಿನಿಂದ ಕಿತ್ತು ನೋಡಿದರೆ ಬೇರು ನೆನೆಸಿಟ್ಟ ಶಾವಿಗೆ ಹಾಗೆ ಮೆತ್ತಗೆ, ಮೋರಿ ವಾಸನೆ. ಪಾಟಿನ ತೂತಿಗೆ ನಾನೇ ಅಡ್ಡ ಇಟ್ಟಿದ್ದ ಹೆಂಚಿನ ಚೂರು ಜರುಗಿ ತೂತನ್ನೇ ಮುಚ್ಚಿಬಿಟ್ಟಿತ್ತು. ಕೊಳೆತ ಬೇರಿಗೆ ಉಪ್ಪು, ಗೊಬ್ಬರ ಎಲ್ಲಾ ಸುರಿದು, ಅದು ಯಾಕೆ ಚೇತರಿಸಿಕೊಳ್ಳುತ್ತಿಲ್ಲ ಅಂತ ಕಾಯುತ್ತಾ ಕೂತಿದ್ದೆ.

ಬಾಟಲಿಗೆ ಕೈ ಹಾಕುವ ಮುಂಚೆ

ಮೊದಲು ಮಣ್ಣಿಗೆ ಬೆರಳು ಹಾಕಿ. ಎರಡು ಗೆಣ್ಣು ಒಳಗೆ ಹೋಗಲಿ. ಮೇಲಿನ ಮಣ್ಣು ಒಣಗಿದ ಹಾಗೆ ಕಂಡರೂ ಒಳಗೆ ಕೆಸರು ಇರುತ್ತದೆ. ಬೆರಳನ್ನು ಮೂಸಿ ನೋಡಿ. ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಒಳ್ಳೆಯದು, ಹುಳಿ ವಾಸನೆ ಬಂದರೆ ತೊಂದರೆ ಇರುವುದು ಎಲೆಯಲ್ಲಿ ಅಲ್ಲ, ಬೇರಿನಲ್ಲಿ.

ಆಮೇಲೆ ಕೆಟ್ಟಿರುವುದು ಹಳೆ ಎಲೆಯೋ ಹೊಸ ಎಲೆಯೋ ನೋಡಿ. ಗಿಡ ಕೆಲವು ಪೋಷಕಾಂಶವನ್ನು ಹಳೆ ಎಲೆಯಿಂದ ಕಿತ್ತು ಚಿಗುರಿಗೆ ಕಳಿಸಬಲ್ಲದು. ಸಾರಜನಕ, ಮೆಗ್ನೀಸಿಯಂ ಹಾಗೆ. ಅವು ಕಡಿಮೆ ಆದರೆ ಬುಡದ ಎಲೆ ಮೊದಲು ಸೊರಗುತ್ತದೆ. ಕಬ್ಬಿಣವನ್ನು ಹಾಗೆ ಸಾಗಿಸುವುದು ಅದಕ್ಕೆ ಆಗುವುದಿಲ್ಲ. ಕಬ್ಬಿಣ ಸಿಗದಿದ್ದರೆ ಹಳೆ ಎಲೆ ಹಸಿರಾಗಿಯೇ ಇರುತ್ತದೆ, ತುದಿಯ ಚಿಗುರು ಬಿಳಿಚಿಕೊಳ್ಳುತ್ತದೆ. ಈ ಒಂದು ಗುರುತು ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು.

ಕೊನೆಗೆ ಎಲೆಯನ್ನು ತಿರುಗಿಸಿ. ಮೊಬೈಲ್ ಟಾರ್ಚ್ ಹಾಕಿ ಅಡಿಭಾಗ ನೋಡಿ. ಎಲೆಯ ಮೇಲ್ಭಾಗದ ಫೋಟೋ ಒಂದನ್ನೇ ಕಳಿಸಿ ಏನಾಗಿದೆ ಹೇಳಿ ಅಂತ ಕೇಳುವವರು ಬಹಳ ಜನ. ಹುಳ ಕೂತಿರುವುದು ಹೆಚ್ಚಾಗಿ ಅಡಿಯಲ್ಲಿ, ತೊಟ್ಟಿನ ಸಂದಿಯಲ್ಲಿ.

ಇನ್ನೊಂದು ಮಾತು. ಬುಡದ ಒಂದೆರಡು ಎಲೆ ಹಳದಿಯಾಗಿ ಉದುರಿ, ಮೇಲೆ ಚಿಗುರು ಚೆನ್ನಾಗಿ ಬರುತ್ತಿದ್ದರೆ ಅದು ರೋಗ ಅಲ್ಲ, ವಯಸ್ಸು. ದೇವಕಣಗಿಲೆ ಚಳಿಗಾಲದಲ್ಲಿ ಎಲೆಯನ್ನೆಲ್ಲಾ ಉದುರಿಸಿ ಬೋಳಾಗಿ ನಿಲ್ಲುತ್ತದೆ, ಅದಕ್ಕೂ ಔಷಧಿ ಹೊಡೆದವರಿದ್ದಾರೆ. ನರ್ಸರಿಯ ನೆರಳಿನಿಂದ ತಂದ ಗಿಡವನ್ನು ಮಾರನೇ ದಿನವೇ ಟೆರೇಸಿನ ಬಿಸಿಲಿಗೆ ಇಟ್ಟರೆ ಎಲೆಯಲ್ಲಿ ಕಾಗದದಂಥ ಬಿಳಿ ತೇಪೆ ಬೀಳುತ್ತದೆ, ಅದೂ ಬಿಸಿಲು ಬೀಳುವ ಕಡೆ ಮಾತ್ರ. ಅದು ಸುಟ್ಟ ಗಾಯ. ಹತ್ತು ದಿನ ಅರೆ ನೆರಳಿನಲ್ಲಿ ಇಟ್ಟು ಅಭ್ಯಾಸ ಮಾಡಿಸಿ, ಅಷ್ಟೇ.

ಎಲೆ ಹಳದಿ: ನೀರಾ, ಗೊಬ್ಬರವಾ, ಕಬ್ಬಿಣವಾ?

ನೀರು ಜಾಸ್ತಿ ಆದರೂ ಎಲೆ ಹಳದಿ, ಸಾರಜನಕ ಕಡಿಮೆ ಆದರೂ ಹಳದಿ. ಎರಡೂ ಬುಡದಿಂದ ಶುರುವಾಗುತ್ತವೆ. ಹೇಗೆ ಬೇರೆ ಮಾಡುವುದು? ನೀರು ಜಾಸ್ತಿ ಆದ ಗಿಡ ಮಣ್ಣು ಒದ್ದೆ ಇದ್ದಾಗಲೂ ಬಾಡಿದ ಹಾಗೆ ಕಾಣುತ್ತದೆ, ಎಲೆ ಮೆತ್ತಗೆ ಜೋಲುತ್ತದೆ, ಪಾಟಿನ ಮೇಲೆ ಸಣ್ಣ ಕಪ್ಪು ನೊಣಗಳು ಹಾರಾಡುತ್ತವೆ. ಸಾರಜನಕದ ಕೊರತೆಯಲ್ಲಿ ಎಲೆ ಜೋಲುವುದಿಲ್ಲ, ನೆಟ್ಟಗೆ ನಿಂತೇ ಇಡೀ ಎಲೆ ಒಂದೇ ಸಮ ತೆಳು ಹಳದಿ ಆಗುತ್ತದೆ, ಗಿಡ ತಿಂಗಳಿಂದ ಬೆಳೆದೇ ಇರುವುದಿಲ್ಲ.

ನೀರಿನ ತೊಂದರೆಗೆ ಇರುವುದು ಎರಡು ದಾರಿ. ಬೇರು ಇನ್ನೂ ಬಿಳಿಯಾಗಿ ಗಟ್ಟಿ ಇದ್ದರೆ ನೀರು ನಿಲ್ಲಿಸಿ, ಕೆಳಗಿನ ತಟ್ಟೆ ತೆಗೆಯಿರಿ, ಪಾಟನ್ನು ಎರಡು ಇಟ್ಟಿಗೆ ಮೇಲೆ ಇಡಿ. ಸಾಕು. ಬೇರು ಕಪ್ಪಾಗಿ ಎಳೆದರೆ ಸಿಪ್ಪೆ ಕಳಚಿಕೊಂಡು ಬರುತ್ತಿದ್ದರೆ ಪಾಟ್ ಬದಲಿಸಲೇಬೇಕು. ಕೊಳೆತದ್ದನ್ನು ಕತ್ತರಿಸಿ, ಮೇಲಿನ ಕೊಂಬೆಯನ್ನೂ ಮೂರನೇ ಒಂದು ಭಾಗ ಸವರಿ, ಹಳೆಯದಕ್ಕಿಂತ ಚಿಕ್ಕ ಪಾಟಿಗೆ ಹಾಕಿ. ದೊಡ್ಡ ಪಾಟಿಗೆ ಹಾಕಿದರೆ ಆರಾಮಾಗಿ ಬೆಳೆಯುತ್ತದೆ ಅಂತ ಅನ್ನಿಸುತ್ತದೆ, ಆದರೆ ಕಡಿಮೆ ಬೇರು, ಜಾಸ್ತಿ ಮಣ್ಣು ಅಂದರೆ ಮತ್ತೆ ಒದ್ದೆ. ಒಂದು ತಿಂಗಳು ಗೊಬ್ಬರದ ಸುದ್ದಿಗೆ ಹೋಗಬೇಡಿ.

ಆಂಧ್ರದ ಕಡಿಯಂ ಕಡೆಯಿಂದ ಬರುವ ಗಿಡಗಳು ನಮ್ಮ ನರ್ಸರಿಗಳಲ್ಲಿ ತುಂಬಾ ಇರುತ್ತವೆ. ಅವುಗಳ ಬುಡದಲ್ಲಿ ಜಿಗುಟು ಮಣ್ಣಿನ ಉಂಡೆ ಇರುತ್ತದೆ. ಅದನ್ನು ಹಾಗೇ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮಿಶ್ರಣದೊಳಗೆ ಕೂರಿಸಿದರೆ ಸುತ್ತಲಿನದು ಒಣಗಿದರೂ ಉಂಡೆ ಒದ್ದೆ, ಉಂಡೆ ಒಮ್ಮೆ ಒಣಗಿ ಗಟ್ಟಿಯಾದರೆ ಸುತ್ತ ಎಷ್ಟು ನೀರು ಹಾಕಿದರೂ ಒಳಗೆ ಇಳಿಯುವುದಿಲ್ಲ. ನಾನು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಅದ್ದಿಟ್ಟು, ಹೊರಗಿನ ಜೇಡಿಯನ್ನು ಬೆರಳಲ್ಲಿ ಮೆಲ್ಲಗೆ ಬಿಡಿಸಿ ನೆಡುತ್ತೇನೆ.

ಸಾರಜನಕದ ಕೊರತೆಗೆ ಎರೆಗೊಬ್ಬರವಾ, ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿರುವ 19:19:19 ಪುಡಿಯಾ? ಗಿಡ ಒಂದು ಮಟ್ಟಕ್ಕೆ ಚೆನ್ನಾಗಿದ್ದರೆ ಎರಡು ಹಿಡಿ ಎರೆಗೊಬ್ಬರ, ತಿಂಗಳಿಗೊಮ್ಮೆ. ತೀರಾ ಸೊರಗಿದ್ದರೆ ನೀರಿನಲ್ಲಿ ಕರಗುವ ಪುಡಿ ಬೇಗ ಕೆಲಸ ಮಾಡುತ್ತದೆ. ಲೀಟರಿಗೆ 1 ಗ್ರಾಂ ಸಾಕು, 15 ದಿನಕ್ಕೊಮ್ಮೆ. ಅಂಗಡಿಯವರು ಒಂದು ಚಮಚ ಅನ್ನುತ್ತಾರೆ, ಒಂದು ಚಮಚ ಅಂದರೆ 5 ಗ್ರಾಂ ಹತ್ತಿರ. ಪಾಟಿಗೆ ಅದು ಜಾಸ್ತಿ.

ಎಪ್ಸಮ್ ಸಾಲ್ಟ್ ಬಗ್ಗೆ ಒಂದು ಮಾತು. ಅದರಲ್ಲಿ ಇರುವುದು ಮೆಗ್ನೀಸಿಯಂ ಮತ್ತು ಗಂಧಕ. ಹಳೆ ಎಲೆಯಲ್ಲಿ ನರ ಹಸಿರಾಗಿದ್ದು ನಡುವಿನ ಜಾಗ ಹಳದಿ ಆಗಿದ್ದರೆ ಮಾತ್ರ ಅದಕ್ಕೆ ಕೆಲಸ. ಕೋಕೋಪೀಟನ್ನೇ ತುಂಬಿದ ಪಾಟುಗಳಲ್ಲಿ ಇದು ನಿಜವಾಗಿಯೂ ಬರುತ್ತದೆ, ಯಾಕೆಂದರೆ ಕೋಕೋಪೀಟ್ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಆಂಟಿ ಹೇಳಿದ್ದು ಪೂರ್ತಿ ತಪ್ಪಲ್ಲ, ಅವರ ಪಾಟುಗಳಿಗೆ ಸರಿ. ನನ್ನದು ಕೆಮ್ಮಣ್ಣು. ಅದಕ್ಕೇ ಆ ಪ್ಯಾಕೆಟ್ಟನ್ನು ಅವರಿಗೇ ಕೊಟ್ಟುಬಿಟ್ಟೆ.

ಈಗ ಕಬ್ಬಿಣದ ಕಥೆ. ಬೆಂಗಳೂರಿನವರಿಗೆ ಇದು ಮುಖ್ಯ. ಬಿಸಿ ನೀರಿನ ಗೀಸರಿನಲ್ಲಿ, ಬಕೆಟ್ಟಿನ ಅಂಚಿನಲ್ಲಿ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ ಬೋರ್‌ವೆಲ್ ನೀರು ದಿನಾ ಪಾಟಿಗೂ ಹೋಗುತ್ತದೆ. ಅದರಲ್ಲಿರುವ ಸುಣ್ಣದ ಅಂಶ ಸೇರುತ್ತಾ ಹೋದ ಹಾಗೆ ಮಣ್ಣಿನ ಹುಳಿ ಕಡಿಮೆಯಾಗಿ ಕ್ಷಾರ ಏರುತ್ತದೆ. ಆಗ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಕರಗದ ರೂಪಕ್ಕೆ ಹೋಗಿಬಿಡುತ್ತದೆ. ಕೆಮ್ಮಣ್ಣು ಕೆಂಪಾಗಿರುವುದೇ ಕಬ್ಬಿಣದಿಂದ, ಆದರೂ ಗಿಡಕ್ಕೆ ಕಬ್ಬಿಣ ಇಲ್ಲ! ಮೊದಲು ನರಳುವುದು ಕೇಪಳ. ಕರಾವಳಿ, ಮಲೆನಾಡಿನ ಹುಳಿ ಮಣ್ಣಿನಲ್ಲಿ, ಮಳೆ ನೀರಿನಲ್ಲಿ ಬೇಲಿಯ ಪಕ್ಕ ಯಾರೂ ಕೇಳದೆ ಬೆಳೆಯುವ ಗಿಡ ಅದು. ಇಲ್ಲಿ ಪಾಟಿಗೆ ಬಂದರೆ ತುದಿಯ ಎಲೆಗಳು ನಿಂಬೆ ಹಳದಿ, ನರ ಮಾತ್ರ ಹಸಿರು ಬಲೆ ಹಾಗೆ. ಇನ್ನೂ ಜಾಸ್ತಿ ಆದರೆ ಚಿಗುರು ಬರಿ ಬಿಳಿ, ಅಂಚು ಸುಟ್ಟ ಹಾಗೆ.

ಇದಕ್ಕೆ ನಾಲ್ಕು ಆಯ್ಕೆ ನೋಡಿದ್ದೇನೆ.

ಅಗ್ಗದ್ದು ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್. ಗ್ರಂಧಿಗೆ ಅಂಗಡಿಯಲ್ಲೂ ಸಿಗುತ್ತದೆ. ತಿಳಿ ಹಸಿರು ಹರಳು ಇರಬೇಕು, ಕಂದು ಪುಡಿ ಆಗಿದ್ದರೆ ತರಬೇಡಿ, ಅದು ಕೆಟ್ಟಿದೆ. ಸುಣ್ಣದ ಮಣ್ಣಿಗೆ ಸುರಿದರೆ ಬೇಗನೆ ತುಕ್ಕಾಗಿ ಕೂರುತ್ತದೆ, ಗಿಡಕ್ಕೆ ಸಿಗುವುದಿಲ್ಲ. ಎಲೆಗೆ ಸ್ಪ್ರೇ ಮಾಡಿದರೆ ಕೆಲಸ ಮಾಡುತ್ತದೆ: ಲೀಟರ್ ನೀರಿಗೆ 2 ರಿಂದ 3 ಗ್ರಾಂ, ಜೊತೆಗೆ ಒಂದು ಚಿಟಿಕೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್), ಸಂಜೆ ಹೊತ್ತು. ಆದರೆ ಪೂರ್ತಿ ಎಲೆ ಹಸಿರಾಗುವುದಿಲ್ಲ, ಹನಿ ಬಿದ್ದ ಕಡೆ ಹಸಿರು ಚುಕ್ಕೆ. ಟೈಲ್ಸ್ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ. ಬಾಡಿಗೆ ಮನೆಯವರು ಹುಷಾರು.

ಎರಡನೆಯದು ಇಡಿಟಿಎ ಕಬ್ಬಿಣ, ಅಂದರೆ ಕರಗದ ರೂಪಕ್ಕೆ ಹೋಗದ ಹಾಗೆ ಇಡಿಟಿಎ ಅನ್ನುವ ರಾಸಾಯನಿಕ ಹಿಡಿದಿಟ್ಟುಕೊಂಡ ಕಬ್ಬಿಣ. ಮೈಕ್ರೋನ್ಯೂಟ್ರಿಯೆಂಟ್ ಮಿಶ್ರಣಗಳಲ್ಲಿ ಹೆಚ್ಚಾಗಿ ಇರುವುದು ಇದೇ. ಹುಳಿ, ಕ್ಷಾರ ಅಳೆಯುವ ಪಿಎಚ್ (ಏರಿದಷ್ಟೂ ಕ್ಷಾರ) 6.5 ದಾಟಿದರೆ ಇದರ ಹಿಡಿತ ಸಡಿಲ. ಗಡಸು ನೀರು ಹಾಕುವ ಪಾಟಿನ ಬುಡಕ್ಕೆ ಇದು ದಂಡ, ಎಲೆಗೆ ಪರವಾಗಿಲ್ಲ. ಮೂರನೆಯದು ಇಡಿಡಿಎಚ್‌ಎ ಕಬ್ಬಿಣ. ಹೆಸರು ಬಾಯಿಗೆ ಬರದಿದ್ದರೆ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಪಿಎಚ್ 9ರ ತನಕವೂ ಕಬ್ಬಿಣವನ್ನು ಬಿಡದೆ ಹಿಡಿದುಕೊಂಡಿರುತ್ತದೆ. ನೀರಿಗೆ ಹಾಕಿದರೆ ಕೋಕಂ ಶರಬತ್ತಿನ ಬಣ್ಣ. ರೇಟು ಜಾಸ್ತಿ, ನಿಜ. ಆದರೆ 12 ಇಂಚಿನ ಪಾಟಿಗೆ ನಾನು ಹಾಕುವುದು 1 ಗ್ರಾಂ, ಎರಡು ತಿಂಗಳಿಗೊಮ್ಮೆ. ಚಿಕ್ಕ ಪ್ಯಾಕೆಟ್ ವರ್ಷ ಬರುತ್ತದೆ. ನನ್ನ ನಾಲ್ಕರಲ್ಲಿ ಇದು ಮೊದಲನೆಯದು.

ನಾಲ್ಕನೆಯ ಆಯ್ಕೆ ನೀರನ್ನೇ ಬದಲಿಸುವುದು. ಮಳೆ ನೀರು ಹಿಡಿದಿಟ್ಟರೆ ಅದಕ್ಕಿಂತ ಒಳ್ಳೆಯದಿಲ್ಲ. ಕಾವೇರಿ ನೀರು ಬೋರ್ ನೀರಿಗಿಂತ ಮೃದು. ಆರ್‌ಒ ಯಂತ್ರದಿಂದ ಹೊರಗೆ ಹೋಗುವ ನೀರನ್ನು ಗಿಡಕ್ಕೆ ಹಾಕಿ ನೀರು ಉಳಿಸಿದೆವು ಅನ್ನುವವರಿದ್ದಾರೆ. ಒಳಗಿನ ಉಪ್ಪೆಲ್ಲಾ ಅದರಲ್ಲೇ ಇರುತ್ತದೆ, ನೆಲ ಒರೆಸಲು ಬಳಸಿ. ಅಪಾರ್ಟ್‌ಮೆಂಟಿನವರಿಗೆ ಇನ್ನೊಂದು ಎಚ್ಚರಿಕೆ: ನಿಮ್ಮಲ್ಲಿ ಉಪ್ಪು ಹಾಕಿ ನೀರು ಮೃದು ಮಾಡುವ ಘಟಕ ಇದ್ದರೆ ಅದು ಸುಣ್ಣ ತೆಗೆದು ಅದರ ಜಾಗದಲ್ಲಿ ಸೋಡಿಯಂ ಬಿಡುತ್ತದೆ. ಸ್ನಾನಕ್ಕೆ ಚೆಂದ, ಗಿಡಕ್ಕೆ ಗಡಸು ನೀರಿಗಿಂತ ಕೆಟ್ಟದ್ದು. ಘಟಕಕ್ಕೆ ಹೋಗುವ ಮೊದಲಿನ ನಲ್ಲಿ ತೋಟದ ಕಡೆ ಇದ್ದರೆ ಅಲ್ಲಿಂದ ಹಿಡಿಯಿರಿ. ಎಲೆಯ ತುದಿ, ಅಂಚು ಮಾತ್ರ ಕಂದಾಗಿ ಸುಟ್ಟು, ಪಾಟಿನ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದ್ದರೆ ಉಪ್ಪು ಸೇರಿದೆ ಅಂತಲೇ ಅರ್ಥ. ಆಗ ಪಾಟಿನ ಎರಡು ಮೂರು ಪಟ್ಟು ಒಳ್ಳೆಯ ನೀರನ್ನು ನಿಧಾನಕ್ಕೆ ಸುರಿದು ಕೆಳಗಿನ ತೂತಿನಿಂದ ಪೂರ್ತಿ ಹರಿಯಲು ಬಿಡಿ. ಮಳೆಗಾಲದಲ್ಲಿ ಈ ಕೆಲಸವನ್ನು ಮಳೆಯೇ ಮಾಡಿಕೊಡುತ್ತದೆ.

ಒಲೆ ಬೂದಿ, ಮೊಟ್ಟೆ ಸಿಪ್ಪೆ? ಎರಡೂ ಕ್ಷಾರದ ಕಡೆಯವು. ಕಬ್ಬಿಣ ಸಿಗದೆ ಬಿಳಿಚಿದ ಗಿಡಕ್ಕೆ ಬೂದಿ ಹಾಕಿದರೆ ಇನ್ನಷ್ಟು ಕೆಡುತ್ತದೆ.

ಬಿಳಿ ಹತ್ತಿ, ಮುದುಡಿದ ತುದಿ

ದಾಸವಾಳ ಇಟ್ಟವರಿಗೆ ಹಿಟ್ಟು ತಿಗಣೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ತುದಿಯ ಎಲೆಗಳು ಮುಷ್ಟಿ ಹಿಡಿದ ಹಾಗೆ ಒತ್ತೊತ್ತಾಗಿ ಮುದುಡಿದ್ದು, ಸಂದಿಯಲ್ಲಿ ಹತ್ತಿ ಉದುರಿದ ಹಾಗೆ ಬಿಳಿ. ಅದು ರಸ ಹೀರುವಾಗ ಬಿಡುವ ಜೊಲ್ಲಿನ ವಿಷದಿಂದ ಎಲೆ ಹಾಗೆ ತಿರುಚಿಕೊಳ್ಳುತ್ತದೆ. ಮುದುಡಿದ ಎಲೆ ಮತ್ತೆ ಬಿಚ್ಚಿಕೊಳ್ಳುವುದಿಲ್ಲ. ಅದಕ್ಕೇ ಮೊದಲ ಆಯ್ಕೆ ಕತ್ತರಿ. ಮುದುಡಿದ ತುದಿಯಿಂದ ನಾಲ್ಕು ಇಂಚು ಕೆಳಗೆ ಕತ್ತರಿಸಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಗಂಟು ಕಟ್ಟಿ ಬಿಸಾಡಿ. ಕಾಂಪೋಸ್ಟ್ ಡಬ್ಬಿಗೆ ಬೇಡ. ಒಂದೊಂದು ಹತ್ತಿ ಚೀಲದೊಳಗೆ ನೂರಾರು ಮೊಟ್ಟೆ ಇರುತ್ತವೆ.

ಉಳಿದದ್ದಕ್ಕೆ ಏನು? ಗಿಡ ಒಂದೆರಡು ಇದ್ದರೆ ಮೆಡಿಕಲ್ ಶಾಪಿನ ಸ್ಪಿರಿಟ್ಟಿನಲ್ಲಿ ಕಿವಿ ಕಡ್ಡಿ ಅದ್ದಿ ಒಂದೊಂದಕ್ಕೇ ಮುಟ್ಟಿಸಿ. ಬೇಸರದ ಕೆಲಸ, ಆದರೆ ಇಷ್ಟು ಖಚಿತವಾದದ್ದು ಇನ್ನೊಂದಿಲ್ಲ. ಅದಕ್ಕೂ ಮೊದಲು ಪೈಪಿನ ಜೋರು ನೀರು ಹೊಡೆಯಬಹುದು, ಅರ್ಧ ಹುಳ ಉದುರುತ್ತವೆ.

ಗಿಡ ಜಾಸ್ತಿ ಇದ್ದರೆ ಸೋಪು, ಬೇವಿನೆಣ್ಣೆ, ಬೇವಿನ ಸೋಪು, ಅಂಟುವಾಳ ಇವುಗಳ ನಡುವೆ ಆರಿಸಬೇಕು. ಪಾತ್ರೆ ತೊಳೆಯುವ ಜೆಲ್ ಹುಳದ ಮೇಣ ಕರಗಿಸುತ್ತದೆ, ಜೊತೆಗೆ ಎಲೆಯ ಮೇಣವನ್ನೂ. ನನ್ನ ಒಂದು ಗುಲಾಬಿ ಅದರಿಂದಲೇ ಸುಟ್ಟಿತು. ಬೇವಿನೆಣ್ಣೆ ಒಳ್ಳೆಯದೇ: ಲೀಟರ್ ಉಗುರು ಬೆಚ್ಚಗಿನ ನೀರಿಗೆ 5 ಎಂಎಲ್ ಎಣ್ಣೆ, ಕಲೆಸಲು 1 ಎಂಎಲ್ ಲಿಕ್ವಿಡ್ ಸೋಪ್. ತೊಂದರೆ ಏನೆಂದರೆ ಬೋರ್ ನೀರಿನಲ್ಲಿ ಸೋಪು ಒಡೆದು ಮೊಸರಾಗುತ್ತದೆ, ಎಣ್ಣೆ ಮೇಲೆ ತೇಲುತ್ತದೆ. ಆಗ ಸ್ಪ್ರೇಯಲ್ಲಿ ಮೊದಲರ್ಧ ಬರಿ ನೀರು, ಕೊನೆಯರ್ಧ ಬರಿ ಎಣ್ಣೆ. ಎಣ್ಣೆ ಬಿದ್ದ ಎಲೆ ಮಾರನೇ ದಿನದ ಬಿಸಿಲಿಗೆ ಸುಡುತ್ತದೆ, ಆಮೇಲೆ ಬೇವಿನೆಣ್ಣೆ ಸರಿ ಇಲ್ಲ ಅನ್ನುತ್ತಾರೆ. ಕುಡಿಯುವ ನೀರಿನಲ್ಲಿ ಕಲೆಸಿ ನೋಡಿ, ಹಾಲಿನ ಹಾಗೆ ಒಂದಾಗುತ್ತದೆ.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬೇವಿನ ಸೋಪು, ಹೊಂಗೆ ಸೋಪು ಎರಡನ್ನೂ ತಯಾರಿಸಿದೆ. ಎಣ್ಣೆಯೂ ಸೋಪೂ ಒಂದೇ ಬಿಲ್ಲೆಯಲ್ಲಿ. ತುರಿದು ಕರಗಿಸಿದರೆ ಆಯಿತು, ತೇಲುವ ತಾಪತ್ರಯ ಇಲ್ಲ. ನನಗೆ ಇದೇ ಹಿಡಿಸಿದೆ, ನಾಲ್ಕರಲ್ಲಿ ಎರಡನೆಯದು ಇದು. ಪ್ಯಾಕೆಟ್ ಮೇಲಿನ ಅಳತೆಯೇ ಸರಿ, ಜಾಸ್ತಿ ಹಾಕಿದರೆ ಜಾಸ್ತಿ ಸಾಯುತ್ತವೆ ಅಂತೇನಿಲ್ಲ. ಅಮ್ಮನ ಆಯ್ಕೆ ಅಂಟುವಾಳ. ನಾಲ್ಕು ಕಾಯಿ ರಾತ್ರಿ ನೆನೆಸಿ, ಕಿವುಚಿ ಸೋಸಿದ ನೀರು. ಗಡಸು ನೀರಿನಲ್ಲೂ ನೊರೆ ಕೊಡುತ್ತದೆ, ಅದೇ ಅದರ ಗೆಲುವು. ಗಿಡದ ಹೇನಿಗೆ ಸಾಕು. ಕಣಗಿಲೆಯ ತುದಿಗೆ ಮುತ್ತಿಕೊಳ್ಳುವ ಹಳದಿ ಹೇನುಗಳಿಗೆ ನಾನು ಅದನ್ನೇ ಹೊಡೆಯುವುದು. ಹಿಟ್ಟು ತಿಗಣೆಗೆ ಸ್ವಲ್ಪ ಮೆತ್ತಗೆ.

ಯಾವುದು ಹೊಡೆದರೂ ಹುಳಕ್ಕೆ ತಾಗಬೇಕು. ತಾಗದ ಹುಳ ಸಾಯುವುದಿಲ್ಲ. ಐದಾರು ದಿನ ಬಿಟ್ಟು ಮೂರು ಸಲ ಹೊಡೆಯಿರಿ. ಇರುವೆ ಓಡಾಡುತ್ತಿದ್ದರೆ ಅವನ್ನೂ ತಡೆಯಬೇಕು, ಯಾಕೆಂದರೆ ಹಿಟ್ಟು ತಿಗಣೆಯ ಸಿಹಿ ಅಂಟಿಗಾಗಿ ಇರುವೆಗಳು ಅವನ್ನು ದನ ಸಾಕಿದ ಹಾಗೆ ಸಾಕುತ್ತವೆ, ತಿನ್ನಲು ಬಂದ ಹುಳಗಳನ್ನು ಓಡಿಸುತ್ತವೆ. ಎಲೆ ಮೇಲಿನ ಕಪ್ಪು ಮಸಿ ಅದೇ ಅಂಟಿನ ಮೇಲೆ ಬೆಳೆದ ಬೂಷ್ಟು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ, ಅದಕ್ಕೆ ಬೇರೆ ಔಷಧಿ ಬೇಡ.

ಹೊಡೆಯುವ ಮುಂಚೆ ಒಂದು ನಿಮಿಷ ಸುಮ್ನೆ ನಿಂತು ನೋಡಿ. ಬಿಳಿ ಹುಳಗಳ ನಡುವೆ ಒಂದು ಸ್ವಲ್ಪ ದೊಡ್ಡದು, ಮೈ ತುಂಬಾ ಉದ್ದುದ್ದ ಬಿಳಿ ಜೂಲು ಇಟ್ಟುಕೊಂಡು ಸರಸರ ಓಡಾಡುತ್ತಿದ್ದರೆ ಅದು ಹಿಟ್ಟು ತಿಗಣೆ ಅಲ್ಲ. ಅದನ್ನು ತಿನ್ನುವ ಗುಲಗಂಜಿ ಹುಳದ ಮರಿ, ಕ್ರಿಪ್ಟೋಲೀಮಸ್ ಅಂತ. ಆಸ್ಟ್ರೇಲಿಯಾ ಮೂಲದ್ದು, 1898ರಲ್ಲೇ ಭಾರತಕ್ಕೆ ತಂದರು. ಬೆಳೆದ ಮೇಲೆ ಕಪ್ಪು ಬೆನ್ನು, ಕಿತ್ತಳೆ ತಲೆ. ನಾನು ಎರಡು ವರ್ಷ ಇದೇ ಮರಿಗಳನ್ನು ದೊಡ್ಡ ಹಿಟ್ಟು ತಿಗಣೆ ಅಂತ ಹುಡುಕಿ ಹುಡುಕಿ ಕೊಂದಿದ್ದೇನೆ. ಅದು ಕಂಡರೆ ಆ ಗಿಡಕ್ಕೆ ಎರಡು ವಾರ ಏನೂ ಹೊಡೆಯಬೇಡಿ.

ಇಮಿಡಾಕ್ಲೋಪ್ರಿಡ್? ಅಂಗಡಿಗೆ ಹೋಗಿ ಹುಳ ಅಂದರೆ ಮೊದಲು ಕೈಗೆ ಬರುವುದು ಇದೇ. ಗಿಡದ ರಸದಲ್ಲೇ ಸೇರುವುದರಿಂದ ತಾಗದ ಹುಳವೂ ಸಾಯುತ್ತದೆ, ಅದು ನಿಜ. ಆದರೆ ಅದೇ ರಸ ಹೂವಿನ ಮಕರಂದಕ್ಕೂ ಹೋಗುತ್ತದೆ. ಜೇನುಹುಳಕ್ಕೆ ವಿಷ. ಐರೋಪ್ಯ ಒಕ್ಕೂಟ 2018ರಲ್ಲಿ ಹೊರಾಂಗಣ ಬಳಕೆಯನ್ನೇ ನಿಲ್ಲಿಸಿತು. ನಮ್ಮ ದಾಸವಾಳಕ್ಕೆ ಬೆಳಗ್ಗೆ ಸೂರಕ್ಕಿ ಬರುತ್ತದೆ, ಅಮ್ಮ ಬಂದಾಗ ಅದರ ಎಲೆಯನ್ನೇ ಅರೆದು ತಲೆಗೆ ಹಚ್ಚಿಕೊಳ್ಳುತ್ತಾರೆ. ಹಾಗಾಗಿ ನನ್ನ ಗೂಡಿನಿಂದ ಅದು ಹೊರಗೆ ಹೋಯಿತು.

ಹುಳವೇ ಕಾಣದೆ ಎಲೆ ಮಂಕಾದರೆ

ಮಾರ್ಚ್‌ನಿಂದ ಮೇ ತನಕ ಒಂದು ತೊಂದರೆ. ಎಲೆ ಮೇಲೆ ಸೂಜಿಯಲ್ಲಿ ಚುಚ್ಚಿದ ಹಾಗೆ ಸಣ್ಣ ಬಿಳಿ ಚುಕ್ಕೆ, ದೂರದಿಂದ ನೋಡಿದರೆ ಧೂಳು ಕೂತ ಹಾಗೆ ಮಂಕು. ಬಿಳಿ ಕಾಗದ ಹಿಡಿದು ಅದರ ಮೇಲೆ ಎಲೆಯನ್ನು ಎರಡು ಸಲ ತಟ್ಟಿ. ಧೂಳು ಬಿದ್ದ ಹಾಗೆ ಕಾಣುತ್ತದೆ. ಅರ್ಧ ನಿಮಿಷ ನೋಡುತ್ತಿರಿ, ಧೂಳು ನಡೆಯಲು ಶುರುಮಾಡುತ್ತದೆ. ಬೆರಳಲ್ಲಿ ಒರೆಸಿದರೆ ಕಂದುಗೆಂಪು ಗೆರೆ. ಇದು ನುಸಿ.

ನುಸಿ ಕೀಟ ಅಲ್ಲ, ಜೇಡದ ನಂಟ. ಎಂಟು ಕಾಲು. ಅದಕ್ಕೇ ಇಮಿಡಾಕ್ಲೋಪ್ರಿಡ್ ಇದಕ್ಕೆ ಹಿಡಿಯುವುದಿಲ್ಲ, ಬದಲಿಗೆ ನುಸಿ ತಿನ್ನುವ ಹುಳಗಳನ್ನು ಕೊಂದು ನುಸಿಯನ್ನು ಇನ್ನೂ ಹೆಚ್ಚಿಸುತ್ತದೆ. ಬಿಸಿಲಿನಲ್ಲಿ ಒಂದು ವಾರದೊಳಗೆ ಮೊಟ್ಟೆಯಿಂದ ಬೆಳೆದು ನಿಲ್ಲುವ ಪ್ರಾಣಿ ಇದು, ತಡ ಮಾಡುವ ಹಾಗಿಲ್ಲ. ಬರಿ ನೀರೇ ಮೊದಲ ಔಷಧಿ: ದಿನ ಬಿಟ್ಟು ದಿನ ಬೆಳಗ್ಗೆ ಎಲೆಯ ಅಡಿಗೆ ಜೋರು ನೀರು, ಎರಡು ವಾರ. ನುಸಿಗೆ ಒದ್ದೆ ಆಗಿಬರುವುದಿಲ್ಲ. ಬಲೆ ಕಟ್ಟುವ ಮಟ್ಟಕ್ಕೆ ಹೋಗಿದ್ದರೆ ನೀರಿನಲ್ಲಿ ಬೆರೆಯುವ ಗಂಧಕ, 80% ಡಬ್ಲ್ಯುಪಿ ಅಂತ ಬರೆದಿರುತ್ತದೆ, ಲೀಟರಿಗೆ 2 ಗ್ರಾಂ. ಎರಡು ಷರತ್ತು: ಬಿಸಿಲು 32 ಡಿಗ್ರಿ ದಾಟುವ ದಿನ ಬೇಡ, ಬೇವಿನೆಣ್ಣೆ ಹೊಡೆದು ಎರಡು ವಾರ ಆಗಿರಬೇಕು. ಎಣ್ಣೆ, ಗಂಧಕ ಸೇರಿದರೆ ಎಲೆ ಸುಡುತ್ತದೆ. ಏಪ್ರಿಲ್‌ನಲ್ಲಿ ಕಲಬುರಗಿ, ರಾಯಚೂರಿನಲ್ಲಿ ಗಂಧಕದ ಮಾತೇ ಬೇಡ, ನೀರು ಮತ್ತು ಬೇವಿನ ಸೋಪಿನಲ್ಲೇ ಸಂಭಾಳಿಸಿ. ನನ್ನ ಮೂರನೆಯ ಡಬ್ಬಿ ಗಂಧಕ, ಯಾಕೆಂದರೆ ಅದು ಮುಂದೆ ಬೂದಿ ರೋಗಕ್ಕೂ ಬರುತ್ತದೆ.

ಎಲೆಯೇ ಇಲ್ಲ, ಬರಿ ಕಡ್ಡಿ ನಿಂತಿದೆ ಅಂತಾದರೆ ಅದು ನಂದಿಬಟ್ಟಲು ಇರಬೇಕು ಅಲ್ವಾ? ಪಾಟಿನ ಸುತ್ತ ನೆಲ ನೋಡಿ, ಕಾಳುಮೆಣಸಿನಂಥ ಹಿಕ್ಕೆ ಬಿದ್ದಿರುತ್ತದೆ. ಅದರ ನೇರ ಮೇಲೆ ಕಣ್ಣು ಹಾಯಿಸಿದರೆ ಬೆರಳು ದಪ್ಪದ ಹಸಿರು ಹುಳ, ಬೆನ್ನ ಮೇಲೆ ಎರಡು ನೀಲಿ ಕಣ್ಣಿನ ಗುರುತು. ಎತ್ತಿ ಬೇರೆ ಕಡೆ ಬಿಡಿ. ಸ್ಪ್ರೇ ಯಾಕೆ, ಇರುವುದೇ ಒಂದೋ ಎರಡೋ.

ಗುಲಾಬಿಯ ಎರಡು ರೋಗ

ಚುಕ್ಕೆ ಮತ್ತು ಬೂದಿ. ಎರಡೂ ಬೂಷ್ಟೇ, ಸ್ವಭಾವ ಮಾತ್ರ ಉಲ್ಟಾ. ಕಪ್ಪು ಚುಕ್ಕೆಗೆ ಎಲೆ ಏಳೆಂಟು ಗಂಟೆ ಒದ್ದೆಯಾಗಿ ಇರಬೇಕು, ಅದಕ್ಕೇ ಜೂನ್‌ನಿಂದ ಅಕ್ಟೋಬರ್ ಅದರ ಕಾಲ. ಅಂಚು ಸಮ ಇಲ್ಲದ, ಮಸಿ ಹರಡಿದ ಹಾಗಿನ ಚುಕ್ಕೆ, ಸುತ್ತ ಹಳದಿ, ಕೆಳಗಿನ ಎಲೆಯಿಂದ ಮೇಲಕ್ಕೆ. ಬೂದಿ ರೋಗಕ್ಕೆ ಒದ್ದೆ ಎಲೆ ಬೇಕಿಲ್ಲ. ಹಗಲು ಒಣ, ರಾತ್ರಿ ತಂಪು ಇರುವ ನವೆಂಬರ್‌ನಿಂದ ಫೆಬ್ರವರಿ ಅದರ ಕಾಲ, ಎಳೆ ಚಿಗುರಿನ ಮೇಲೆ ಟಾಲ್ಕಂ ಪೌಡರ್ ಉದುರಿಸಿದ ಹಾಗೆ ಇರುತ್ತದೆ.

ಬೂದಿಗೆ ಹಾಲು, ಸೋಡಾ, ಗಂಧಕ. ಒಂದು ಲೋಟ ಹಾಲಿಗೆ ಒಂಬತ್ತು ಲೋಟ ನೀರು, ಬಿಸಿಲು ಬೀಳುವ ಹೊತ್ತಿಗೆ ಹೊಡೆದರೆ ಶುರುವಿನಲ್ಲಿ ತಡೆಯುತ್ತದೆ. ಹಬ್ಬಿದ ಮೇಲೆ ಸಾಲದು. ಅಡುಗೆ ಸೋಡಾ ಕೆಲಸ ಮಾಡಿದರೂ ಅದರ ಸೋಡಿಯಂ ಪಾಟಿನಲ್ಲೇ ಉಳಿಯುತ್ತದೆ, ಗಡಸು ನೀರಿನ ಮೇಲೆ ಅದೂ ಸೇರಿದರೆ ಕಷ್ಟ. ಗಂಧಕ ಇದ್ದರೆ ಇವೆರಡೂ ಬೇಡ, ಚಳಿಗಾಲದಲ್ಲಿ ಸುಡುವ ಭಯವೂ ಕಡಿಮೆ.

ಕಪ್ಪು ಚುಕ್ಕೆಗೆ ಗಂಧಕ ಅಷ್ಟಕ್ಕಷ್ಟೆ. ಇಲ್ಲಿ ಔಷಧಿಗಿಂತ ನೀರು ಹಾಕುವ ರೀತಿ ಮುಖ್ಯ. ಸಂಜೆ ಪೈಪ್ ಹಿಡಿದು ಎಲೆ ಮೇಲೆಲ್ಲಾ ಹೊಡೆಯುವ ಅಭ್ಯಾಸ ಬಿಡಿ, ಬೆಳಗ್ಗೆ ಬುಡಕ್ಕೆ ಹಾಕಿ. ಚುಕ್ಕೆ ಬಿದ್ದ ಎಲೆ, ಉದುರಿದ ಎಲೆ ಎರಡನ್ನೂ ಆರಿಸಿ ತೆಗೆಯಿರಿ. ಪಾಟುಗಳ ನಡುವೆ ಒಂದು ಗೇಣು ಜಾಗ ಬಿಡಿ. ಔಷಧಿ ಬೇಕೇ ಬೇಕು ಅಂದರೆ ಮ್ಯಾಂಕೋಜೆಬ್ ಮತ್ತು ಹೆಕ್ಸಾಕೊನಝೋಲ್ ನಡುವೆ ಆರಿಸಿ. ಮೊದಲನೆಯದು ಎಲೆ ಮೇಲೆ ಕೂತು ಕಾಯುತ್ತದೆ, ಒಳಗೆ ಹೋದ ರೋಗವನ್ನು ಮುಟ್ಟುವುದಿಲ್ಲ, ಜೋರು ಮಳೆಗೆ ತೊಳೆದು ಹೋಗುತ್ತದೆ. ಎರಡನೆಯದು ಎಲೆಯೊಳಗೆ ಇಳಿಯುತ್ತದೆ, ಆದರೆ ಅದೊಂದನ್ನೇ ಪದೇ ಪದೇ ಹೊಡೆದರೆ ಬೂಷ್ಟು ಅದಕ್ಕೆ ಒಗ್ಗಿಕೊಳ್ಳುತ್ತದೆ. ನನ್ನ ನಾಲ್ಕನೆಯದು ಮ್ಯಾಂಕೋಜೆಬ್, ಲೀಟರಿಗೆ 2 ಗ್ರಾಂ. ಮುಂಗಾರಿನ ಮೊದಲ ವಾರ ಒಂದು ಸಲ, ಆಮೇಲೆ ಮಳೆ ಬಿಡುವು ಕೊಟ್ಟಾಗ. ಮಾಸ್ಕ್, ಕೈಗವಸು ಹಾಕಿಕೊಳ್ಳಿ, ಗುಲ್ಕಂದಿಗೆ ಎಸಳು ಕೀಳುವ ಗಿಡಕ್ಕೆ ಹೊಡೆಯಬೇಡಿ.

ಹೊಡೆದ ಮೇಲೆ ಹಳೆ ಚುಕ್ಕೆ ಮಾಯವಾಗುತ್ತದೆ ಅಂತ ಕಾಯಬೇಡಿ. ಕೆಟ್ಟ ಎಲೆ ಕೆಟ್ಟಂತೆಯೇ ಇರುತ್ತದೆ. ಇನ್ನು ಮೇಲೆ ಬರುವ ಎಲೆ ಹೇಗಿದೆ ಅನ್ನುವುದೇ ಲೆಕ್ಕ. ನಾನು ಚಿಗುರಿನ ಕೆಳಗೆ ಒಂದು ದಾರ ಕಟ್ಟಿ ಇಡುತ್ತೇನೆ. ಹದಿನೈದು ದಿನ ಆದ ಮೇಲೆ ದಾರದ ಮೇಲಿನದನ್ನು ಮಾತ್ರ ನೋಡುತ್ತೇನೆ. ಒಂದು ಸಲಕ್ಕೆ ಒಂದೇ ಮದ್ದು ಮಾಡಿದರೆ ಮಾತ್ರ ಈ ದಾರದಿಂದ ಏನಾದರೂ ಗೊತ್ತಾಗುತ್ತದೆ.

ಇಟ್ಟುಕೊಳ್ಳುವುದಾ, ಬಿಸಾಡುವುದಾ?

ಎಲೆಯಲ್ಲಿ ಹಸಿರು, ಹಳದಿ ಕಲಸಿದ ಹಾಗೆ ತೇಪೆ ತೇಪೆ, ಉಂಗುರ, ಯಾವ ನರಕ್ಕೂ ಹೊಂದದ ಅಡ್ಡಾದಿಡ್ಡಿ ಗೆರೆ, ಗೊಬ್ಬರ, ಕಬ್ಬಿಣ ಎಲ್ಲಾ ಕೊಟ್ಟು ಮೂರು ತಿಂಗಳಾದರೂ ಹೊಸ ಎಲೆಯಲ್ಲೂ ಅದೇ ಬಂದರೆ ಅದು ವೈರಸ್ ಇರಬಹುದು. ಅದಕ್ಕೆ ಬಾಟಲಿ ಇಲ್ಲ. ಅದರ ಕೊಂಬೆಯಿಂದ ಸಸಿ ಮಾಡಿದರೆ ಸಸಿಗೂ ಅದೇ, ಕತ್ತರಿ ತೊಳೆಯದೆ ಬೇರೆ ಗಿಡಕ್ಕೆ ಬಳಸಿದರೆ ಕೆಲವು ವೈರಸ್ ಅದಕ್ಕೂ ಹೋಗುತ್ತವೆ. ಗಿಡ ಹೂ ಬಿಡುತ್ತಿದ್ದರೆ ದೂರ ಒಂದು ಮೂಲೆಯಲ್ಲಿ ಇಡಬಹುದು. ಬಿಡುತ್ತಿಲ್ಲವಾದರೆ ಬಿಸಾಡಿ.

ಬೇರು ಕೊಳೆತದ್ದು ಬೇರೆ ವಿಷಯ. ಬುಡ ಹೋದರೂ ಮೇಲಿನ ಕೊಂಬೆಯನ್ನು ಉಗುರಿನಲ್ಲಿ ಕೆರೆದರೆ ಒಳಗೆ ಹಸಿರು ಕಾಣುತ್ತದಾ ನೋಡಿ. ಕಂಡರೆ ಪೆನ್ಸಿಲ್ ದಪ್ಪದ ಎರಡು ಮೂರು ಕಡ್ಡಿ ಕತ್ತರಿಸಿ, ತುದಿಯ ಎರಡು ಎಲೆ ಬಿಟ್ಟು ಉಳಿದದ್ದು ತೆಗೆದು, ಒದ್ದೆ ಮರಳು ಮಿಶ್ರಣದಲ್ಲಿ ಚುಚ್ಚಿ ನೆರಳಿಗೆ ಇಡಿ. ಆ ಹಳದಿ ದಾಸವಾಳದಿಂದ ಮೂರು ಕಡ್ಡಿ ಉಳಿಸಿದ್ದೆ. ಎರಡು ಕೊಳೆತವು, ಒಂದು ಹಿಡಿಯಿತು. ಈಗ ಅದು ಹೆಂಚಿನ ಚೂರಿಲ್ಲದ ಪಾಟಿನಲ್ಲಿದೆ. ಮೊನ್ನೆ ಬುಡದ ಒಂದು ಎಲೆ ಹಳದಿ ಆಯಿತು, ಬೆರಳು ಹಾಕಿ ನೋಡಿದೆ, ಮಣ್ಣು ಸರಿಯಾಗಿತ್ತು, ಸುಮ್ನೆ ಬಿಟ್ಟೆ.